ಹನ್ನೆರಡು ಪಾಯಿಂಟ್ ಎಂಟು ಎರಡು

ಅಪ್ಪ 34 ವರ್ಷ ವರ್ನಿಯರ್ ಹಿಡಿದು ದುಡಿದವರು. ಆದರೆ ಸ್ವಂತದ್ದು ಅಂತ ಅವರ ಹತ್ತಿರ ಒಂದೇ ಒಂದು ವರ್ನಿಯರ್ ಇರಲಿಲ್ಲ. ಇದು ನನಗೆ ಗೊತ್ತಾದದ್ದು ನನ್ನ 45ನೆಯ ವಯಸ್ಸಿನಲ್ಲಿ, ಹೈದರಾಬಾದಿನ ನಿಜಾಂಪೇಟೆಯಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ.

ಅಪ್ಪ ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಅಲ್ಲಿ ಟೂಲ್ ರೂಮಿಗೆ ಒಂದು ಕಿಟಕಿ. ಪ್ರತಿ ಕೆಲಸಗಾರನಿಗೂ ಅವನ ನಂಬರು ಕೊರೆದ ಹತ್ತು ಹಿತ್ತಾಳೆಯ ಬಿಲ್ಲೆ. ವರ್ನಿಯರ್ ಬೇಕೆಂದರೆ ಕಿಟಕಿಯಲ್ಲಿ ಒಂದು ಬಿಲ್ಲೆ ಕೊಡಬೇಕು. ಒಳಗಿನವನು ಗೋಡೆಯ ಮೊಳೆಯಿಂದ ವರ್ನಿಯರ್ ತೆಗೆದು, ಅದೇ ಮೊಳೆಗೆ ಬಿಲ್ಲೆ ತೂಗುಹಾಕಿ, ಈಚೆ ಕೊಡುತ್ತಾನೆ. ಸಂಜೆ ಎಣ್ಣೆ ಒರೆಸಿ ಹಿಂದಿರುಗಿಸಿದರೆ ಬಿಲ್ಲೆ ವಾಪಸ್. ಬಿದ್ದು ದವಡೆ ಮುಕ್ಕಾದರೆ ಸಂಬಳದಲ್ಲಿ ಕಡಿತ. ನಿವೃತ್ತಿಯ ದಿನ ಹತ್ತೂ ಬಿಲ್ಲೆಗಳನ್ನು ಎಣಿಸಿ ಕೊಟ್ಟು, ಸಹಿ ಮಾಡಿ, ಮನೆಗೆ ಬಂದರು. ಅವರ ಸ್ವಂತದ್ದು ಅಂತ ಉಳಿದದ್ದು ಆರಿಂಚಿನ ಒಂದು ಸ್ಟೀಲ್ ಸ್ಕೇಲು ಮತ್ತು ಒಂದು ಸ್ಪ್ರಿಂಗ್ ಕ್ಯಾಲಿಪರು. ಸ್ಪ್ರಿಂಗ್ ಕ್ಯಾಲಿಪರ್ ಅಂದರೆ ಏಡಿಯ ಕೊಂಬಿನ ಹಾಗೆ ಬಾಗಿದ ಎರಡು ಕಾಲು, ನಡುವೆ ಒಂದು ಸ್ಕ್ರೂ, ಅಷ್ಟೇ. ಅದರ ಮೇಲೆ ಒಂದು ಅಂಕಿಯೂ ಇರುವುದಿಲ್ಲ.

ನಾನು ಮೆಕ್ಯಾನಿಕಲ್‌ನಲ್ಲಿ ಎಂಟೆಕ್ ಮಾಡಿ ಸಾಫ್ಟ್‌ವೇರಿಗೆ ಬಂದವನು. ನಮ್ಮ ಪೀಳಿಗೆಯಲ್ಲಿ ಇದು ಅಂಥ ಅಪರೂಪದ ಪಾಪವೇನಲ್ಲ. ಲಾಕ್‌ಡೌನಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಹಳೆಯ ಚಟ ಹೊರಗೆ ಬಂತು. ಬಾಲ್ಕನಿಯ ಒಂದು ಮೂಲೆಯಲ್ಲಿ ಮೇಜು, ಅದಕ್ಕೊಂದು ನಾಲ್ಕಿಂಚಿನ ವೈಸ್, ಒಂದು ಡ್ರಿಲ್ಲು, ಆಮೇಲೆ ಒಂದು ಅಗ್ಗದ ತ್ರೀಡಿ ಪ್ರಿಂಟರು. ಪ್ರಿಂಟರ್ ಬಂದ ಮೇಲೆ ಅಳತೆ ಬೇಕೇ ಬೇಕು. 230 ರೂಪಾಯಿಯ ಕಪ್ಪು ಪ್ಲಾಸ್ಟಿಕ್ ಕ್ಯಾಲಿಪರ್ ತರಿಸಿದೆ. ಅದನ್ನು ಸ್ವಲ್ಪ ಒತ್ತಿ ಹಿಡಿದರೆ ದವಡೆಗಳೇ ಬಾಗಿ ಬೇಕಾದ ಅಳತೆ ಬರುತ್ತಿತ್ತು. ನಮ್ಮ ಕೆಲವು ಕ್ಲೈಂಟುಗಳಿಗೆ ಹೇಳಿ ಮಾಡಿಸಿದಂಥ ಸಾಧನ.

ಹೋದ ವರ್ಷ ಅಪ್ಪ, ಅಮ್ಮ ಬೆಳಗಾವಿಯ ಮನೆ ಬಾಡಿಗೆಗೆ ಕೊಟ್ಟು ನಮ್ಮ ಹತ್ತಿರ ಬಂದರು. ಅಮ್ಮ ಹಟ ಹಿಡಿದು ತಂದ ಒಂದೇ ದೊಡ್ಡ ಸಾಮಾನು ಕಾಲ್ತುಳಿಯ ಹೊಲಿಗೆ ಮಷಿನ್. ಬೀಡುಕಬ್ಬಿಣದ ಸ್ಟ್ಯಾಂಡು, ಬಲಗಡೆ ದೊಡ್ಡ ಚಕ್ರ. ಲಾರಿಯಿಂದ ಇಳಿಸಿ ತುಳಿದರೆ ಚಕ್ರ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಬೆಲ್ಟು ಜಾರಿ ಬೀಳುತ್ತದೆ. ಚಕ್ರ ತಿರುಗುವುದು ಸ್ಟ್ಯಾಂಡಿಗೆ ಬಡಿದು ಕೂರಿಸಿದ ಒಂದು ಗೂಟದ ಮೇಲೆ. ಗೂಟಕ್ಕೂ ಚಕ್ರಕ್ಕೂ ನಡುವೆ ಗನ್‌ಮೆಟಲಿನ ಒಂದು ಬುಷ್. ಅದನ್ನು ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಅಪ್ಪನೇ ಊಟದ ಬಿಡುವಿನಲ್ಲಿ ತಿರುವಿ ತಂದು ಹಾಕಿದ್ದರಂತೆ. ಈಗ ಅದು ಸವೆದಿದೆ.

"ಹೊಸಾ ಬುಷ್ ಹಾಕಿದ್ರ ಮುಗೀತು. ಗೂಟದ ಸೈಜ್ ಬೇಕು. ವರ್ನಿಯರ್ ಐತೇನು?" ಅಂದರು ಅಪ್ಪ.

ನಾನು ಪ್ಲಾಸ್ಟಿಕ್ಕಿನದನ್ನು ಕೊಟ್ಟೆ. ಅದನ್ನು ಒಮ್ಮೆ ಹಿಂದೆ ಮುಂದೆ ಸರಿಸಿ, ಏನೂ ಅನ್ನದೆ, ಮಗಳ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟರು.

ಆ ರಾತ್ರಿಯೇ 850 ರೂಪಾಯಿಯ ಡಿಜಿಟಲ್ ಕ್ಯಾಲಿಪರ್ ಆರ್ಡರ್ ಮಾಡಿದೆ. ಸ್ಟೀಲು, 150 ಮಿ.ಮೀ., ಪರದೆಯ ಮೇಲೆ ಎರಡು ದಶಾಂಶ. ಬಂದ ದಿನ ಗೂಟ ಅಳೆದೆ: 12.64. ಇನ್ನೊಮ್ಮೆ: 12.58. ಮತ್ತೊಮ್ಮೆ: 12.64. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಇದರ ಲೀಸ್ಟ್ ಕೌಂಟ್ ಎಷ್ಟು?"

"ಪಾಯಿಂಟ್ ಸೊನ್ನೆ ಒಂದು."

"ತೋರಸೋದು ಬ್ಯಾರೆ, ಇರೋದು ಬ್ಯಾರೆ."

ಇದನ್ನು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ತೆಗೆದುಕೊಂಡಿದ್ದೆ. ಪರದೆ ನೂರನೆಯ ಒಂದು ಭಾಗದವರೆಗೆ ತೋರಿಸುತ್ತದೆ ಅಂದ ಮಾತ್ರಕ್ಕೆ ಅಷ್ಟರ ಮಟ್ಟಿಗೆ ಅದು ನಿಜ ಹೇಳುತ್ತಿದೆ ಎಂದಲ್ಲ. ಒಳ್ಳೆಯ ಡಿಜಿಟಲ್ ಕ್ಯಾಲಿಪರಿನ ತಯಾರಕರೂ 0.02 ಮಿ.ಮೀ. ಆಚೀಚೆ ಆಗಬಹುದು ಎಂದೇ ಬರೆದುಕೊಡುತ್ತಾರೆ. ಅಗ್ಗದ್ದರ ಡಬ್ಬಿಯಲ್ಲಿ ಏನು ಬರೆದಿದ್ದರೂ ಬಿಡಿ. ಮೇಲಾಗಿ ಕ್ಯಾಲಿಪರ್ ಎನ್ನುವ ಸಾಧನದ ಹುಟ್ಟಿನಲ್ಲೇ ಒಂದು ಐಬಿದೆ. ಅಳೆಯುವ ವಸ್ತುವೂ ಅಳತೆಯ ಪಟ್ಟಿಯೂ ಒಂದೇ ಗೆರೆಯ ಮೇಲಿರಬೇಕು ಎಂದು ಜೀಸ್ ಕಂಪನಿಯ ಅರ್ನ್ಸ್ಟ್ ಅಬ್ಬೆ 1890ರಲ್ಲಿ ಹೇಳಿದ್ದ. ಮೈಕ್ರೋಮೀಟರಿನಲ್ಲಿ ಹಾಗಿದೆ. ಕ್ಯಾಲಿಪರಿನಲ್ಲಿ ಪಟ್ಟಿ ಒಂದು ಕಡೆ, ವಸ್ತು ದವಡೆಯ ತುದಿಯಲ್ಲಿ. ಜಾರುವ ದವಡೆ ಸ್ವಲ್ಪ ಸಡಿಲವಿದ್ದು ವಾಲಿದರೂ ತುದಿಯಲ್ಲಿ ಅಳತೆ ಹಾಳು. ನನ್ನ 850 ರೂಪಾಯಿಯದರ ದವಡೆ ಬೆರಳಿನಲ್ಲಿ ಅಲುಗಾಡಿಸಿದರೆ ಅಲುಗುತ್ತಿತ್ತು. ಈ ಸಿದ್ಧಾಂತವೆಲ್ಲ ನನಗೆ ಬಾಯಿಪಾಠ, ಆದರೆ ಕೊಳ್ಳುವಾಗ ನೆನಪಾಗಲಿಲ್ಲ. ಆಫೀಸಿನಲ್ಲಿ ಪ್ರತಿ ಸೋಮವಾರ 'ಪ್ರಾಜೆಕ್ಟ್ ಶೇ. 73.4 ಮುಗಿದಿದೆ' ಎಂದು ವರದಿ ಕಳಿಸುವವನಿಗೆ ದಶಾಂಶದ ಮೇಲೆ ಒಂದು ಮೋಹ ಇರುತ್ತದೆ.

ಈ ಮಧ್ಯೆ ನಾಲ್ಕು ತಿಂಗಳು ಆಫೀಸಿನ ಗದ್ದಲ. ಅಮ್ಮನ ಮಷಿನ್ ಹಾಗೇ ನಿಂತಿತ್ತು. ಒಂದು ಭಾನುವಾರ ಡಿಜಿಟಲ್ ತೆಗೆದು ಆನ್ ಮಾಡಿದರೆ ಪರದೆ ಖಾಲಿ. ಇಂಥ ಕ್ಯಾಲಿಪರುಗಳ ಆಫ್ ಬಟನ್ ಆರಿಸುವುದು ಪರದೆಯನ್ನು ಮಾತ್ರ. ಒಳಗಿನ ಸರ್ಕ್ಯೂಟು ಸೊನ್ನೆ ಎಲ್ಲಿತ್ತು ಎಂದು ನೆನಪಿಟ್ಟುಕೊಳ್ಳಲು ಹಗಲೂ ರಾತ್ರಿ ಎಚ್ಚರವಾಗಿರುತ್ತದೆ, ಸೆಲ್ ಕುಡಿಯುತ್ತಲೇ ಇರುತ್ತದೆ. ಜೊತೆಗೆ ಕೊಡುವುದು ಎಲ್‌ಆರ್44 ಎಂಬ ಆಲ್ಕಲೈನ್ ಸೆಲ್. ಅದರ ವೋಲ್ಟೇಜು ಬಳಸಿದಂತೆಲ್ಲ ಇಳಿಯುತ್ತ ಹೋಗುತ್ತದೆ. ಅದೇ ಗಾತ್ರದ ಎಸ್‌ಆರ್44 ಸಿಲ್ವರ್ ಆಕ್ಸೈಡಿನದು; 1.55 ವೋಲ್ಟನ್ನು ಹೆಚ್ಚುಕಡಿಮೆ ಕೊನೆಯವರೆಗೂ ಹಿಡಿದಿಟ್ಟು ಆಮೇಲೆ ಒಮ್ಮೆಲೇ ಪ್ರಾಣ ಬಿಡುತ್ತದೆ. ಅಗ್ಗದ ಡಿಜಿಟಲ್ ಇಟ್ಟುಕೊಂಡವರು ಸೆಲ್ಲಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಎಸ್‌ಆರ್44 ಹಾಕಿ, ಕೆಲಸವಾದ ಮೇಲೆ ಸೆಲ್ ತೆಗೆದೇ ಇಡಿ.

ಅಪ್ಪನಿಗೆ ಇಷ್ಟೆಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, "ಸಾಯೋ ಸ್ಕೇಲ್ ಎದಕ್ಕೋ? ಗೆರೀದು ತಗೋ. ಗೆರೀಗೆ ಸೆಲ್ ಬ್ಯಾಡ," ಅಂದರು. ಆಗಲೇ ಬಿಲ್ಲೆಗಳ ಕತೆ ಹೇಳಿದ್ದು.

ಸರಿ, ಅಪ್ಪನಿಗೆ ಒಂದು ವರ್ನಿಯರ್ ಕೊಡಿಸಬೇಕು ಅಂತ ನಿಶ್ಚಯಿಸಿದೆ. ಕೂತಲ್ಲೇ ತರಿಸಬಹುದಿತ್ತು. ಆದರೆ ಅಪ್ಪ ಮುಟ್ಟಿ ನೋಡದೆ ಬದನೆಕಾಯಿಯನ್ನೂ ಕೊಳ್ಳುವವರಲ್ಲ. ಒಂದು ಶನಿವಾರ ಬೇಗಂಪೇಟೆ, ಪ್ಯಾರಡೈಸ್ ದಾಟಿ ಸಿಕಂದರಾಬಾದಿನ ರಾಣಿಗಂಜಿಗೆ ಹೋದೆವು. ಹೈದರಾಬಾದಿಗೆ ಬರುವವರು ಚಾರ್‌ಮಿನಾರ್ ನೋಡಿ ಹೋಗುತ್ತಾರೆ. ನನ್ನನ್ನು ಕೇಳಿದರೆ ರಾಣಿಗಂಜನ್ನೂ ನೋಡಬೇಕು. ಗಲ್ಲಿ ಗಲ್ಲಿಗಳಲ್ಲಿ ಬೇರಿಂಗು, ಬೆಲ್ಟು, ಪಂಪು, ವಾಲ್ವು, ಹಗ್ಗ, ಸರಪಳಿ, ತೂಕಕ್ಕೆ ಹಾಕಿ ಕೊಡುವ ನಟ್ಟು ಬೋಲ್ಟು. ಅಪ್ಪ ಹೈದರಾಬಾದಿಗೆ ಬಂದು ಎಂಟು ತಿಂಗಳಾಗಿತ್ತು. ಈ ಊರು ತಮ್ಮದೂ ಹೌದು ಎಂಬಂತೆ ಅವರು ನಡೆದದ್ದನ್ನು ನಾನು ನೋಡಿದ್ದು ಅವತ್ತೇ. ಒಂದು ಅಂಗಡಿಯ ಮುಂದೆ ನಿಂತು ಲೇತ್ ಚಕ್ಕಿನ ದವಡೆಗಳನ್ನು ಸುಮ್ಮನೆ ಸವರಿದರು. ಇದೇ ಸಿಕಂದರಾಬಾದಿನಲ್ಲಿ 1943ರಲ್ಲಿ ಶುರುವಾದ ಪ್ರಾಗಾ ಟೂಲ್ಸ್ ಇತ್ತಲ್ಲ, ಅವರ ಚಕ್ಕು ತಮ್ಮ ಲೇತಿನಲ್ಲಿತ್ತು ಎಂದು ಅಂಗಡಿಯವನಿಗೆ ಹೇಳಿದರು. ಅವನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ.

ಅಳತೆ ಸಾಧನಗಳ ಅಂಗಡಿಯಲ್ಲಿ ಗಾಜಿನ ಕಪಾಟಿನಿಂದ ಒಂದೊಂದೇ ಹೊರಬಂದವು. ಎಲ್ಲಕ್ಕಿಂತ ಮೇಲೆ ಜಪಾನಿನ ಮಿಟುಟೊಯೊ. ಯೆಹಾನ್ ನುಮಾಟಾ ಎಂಬವರು 1934ರಲ್ಲಿ ಮೈಕ್ರೋಮೀಟರ್ ಮಾಡಲೆಂದು ಶುರು ಮಾಡಿದ ಕಂಪನಿ. ಅವರ ಡಿಜಿಟಲ್ ಏಳೂವರೆ ಸಾವಿರ, ಗೆರೆಯದು ಮೂರರ ಹತ್ತಿರ. ಚೀನಾದ ಇನ್‌ಸೈಜ್ ಡಿಜಿಟಲ್ 2,700. ಪುಣೆಯ ಬೇಕರ್ ಗೇಜಸ್‌ನ ವರ್ನಿಯರ್ 1,600. ಇವೆಲ್ಲ ಅವತ್ತು ಆ ಅಂಗಡಿಯಲ್ಲಿ ಹೇಳಿದ ಬೆಲೆ, ಚೌಕಾಸಿಗೆ ಮೊದಲು. ಆಮೇಲೆ ಅಂಗಡಿಯವನು ದನಿ ತಗ್ಗಿಸಿ ಇನ್ನೊಂದು ಡಬ್ಬಿ ತೆಗೆದ. ಮೇಲೆ ಜಪಾನಿನ ಅದೇ ಹೆಸರು, ಬೆಲೆ 1,100. ನಾನು ಕೈಚಾಚಿದೆ. ಅವನೇ, "ಅಸಲಿ ನಕ್ಕೋ ಬೋಲೇ ತೋ ಯೇ ಲೇಲೋ ಸಾಬ್," ಎಂದು ನಕ್ಕ. ಹೈದರಾಬಾದಿನಲ್ಲಿ ಮೋಸವನ್ನೂ ಮರ್ಯಾದೆಯಿಂದ ತಿಳಿಸಿಯೇ ಮಾಡುತ್ತಾರೆ.

ಅಪ್ಪ ವರ್ನಿಯರ್ ಪರೀಕ್ಷಿಸಿದ ರೀತಿಯನ್ನು ಬರೆದಿಡಬೇಕು, ಯಾಕೆಂದರೆ ನನಗೆ ಗೊತ್ತಿರುವ ಯಾವ ಪಠ್ಯಪುಸ್ತಕದಲ್ಲೂ ಅದು ಈ ಕ್ರಮದಲ್ಲಿಲ್ಲ. ಮೊದಲು ಡಬ್ಬಿಯ ಕಡೆ ನೋಡಲೇ ಇಲ್ಲ. ದವಡೆ ಮುಚ್ಚಿ ಟ್ಯೂಬ್‌ಲೈಟಿಗೆ ಹಿಡಿದರು. ಎರಡು ದವಡೆಗಳ ನಡುವೆ ಬೆಳಕಿನ ಎಳೆ ಕಂಡರೆ ಬೇಡ. ಕೂದಲಿನ ಹತ್ತನೆಯ ಒಂದು ಭಾಗದಷ್ಟು ಸಂದಿಯಿದ್ದರೂ ಬೆಳಕು ನುಸುಳುತ್ತದೆ. ಆಮೇಲೆ ಕಣ್ಣು ಮುಚ್ಚಿ ಜಾರುವ ದವಡೆಯನ್ನು ತುದಿಯಿಂದ ತುದಿಯವರೆಗೆ ಎಳೆದರು. ಎಲ್ಲಿಯೂ ಹಿಡಿಯಬಾರದು, ಎಲ್ಲಿಯೂ ಜಾರಿ ಓಡಬಾರದು. ಆಮೇಲೆ ಲಾಕ್ ಸ್ಕ್ರೂ ಬಿಗಿದರು. ಬಿಗಿಯುವಾಗ ದವಡೆ ಕದಲಬಾರದು. ಕೊನೆಗೆ ಅಂಗಡಿಯವನಿಂದ ಹೊಸ 608 ಬೇರಿಂಗ್ ಒಂದನ್ನು ಕೇಳಿ ತರಿಸಿದರು. ಸ್ಕೇಟಿಂಗ್ ಶೂವಿನ ಚಕ್ರದಲ್ಲಿರುತ್ತದಲ್ಲ, ಅದು. ನಲವತ್ತು ರೂಪಾಯಿಯ ಚಿಲ್ಲರೆ ಸಾಮಾನು, ಆದರೆ ಒಳ್ಳೆಯ ಕಂಪನಿಯದಾದರೆ ಹೊರವ್ಯಾಸ 22 ಮಿ.ಮೀ., ಒಳರಂಧ್ರ 8, ದಪ್ಪ 7. ಹೊರವ್ಯಾಸದಲ್ಲಿ ಸಾಮಾನ್ಯ ದರ್ಜೆಗೂ 9 ಮೈಕ್ರಾನಿಗಿಂತ ಹೆಚ್ಚು ಕಡಿಮೆಯಾಗಲು ಅವಕಾಶವಿಲ್ಲ. ಅಂದರೆ ಯಾವ ಕ್ಯಾಲಿಪರೂ ಎದುರು ಮಾತಾಡಲಾಗದಷ್ಟು ಕರಾರುವಾಕ್ಕು. ಮನೆಯಲ್ಲಿ ಸ್ಲಿಪ್ ಗೇಜ್ ಇಟ್ಟುಕೊಳ್ಳಲಾಗದವರಿಗೆ ಇದೇ ಸಾಕ್ಷಿ. ಬೇಕರ್ ವರ್ನಿಯರಿನಿಂದ ಅಪ್ಪ ಬೇರಿಂಗನ್ನು ಹಿಡಿದು, ನನ್ನ ಕಡೆ ಚಾಚಿ, "ನೋಡು," ಅಂದರು. ನಾನು ನೋಡಿದೆ. 22.00.

ಆಗ ನನಗೆ ಹೊಳೆಯಬೇಕಿತ್ತು. ಅವರೇ ಯಾಕೆ ಓದಲಿಲ್ಲ?

ಹೊಳೆಯಲಿಲ್ಲ. 1,450ಕ್ಕೆ ಕೊಟ್ಟ. ಬೇರಿಂಗನ್ನೂ ಕೊಂಡೆವು. ವಾಪಸ್ ಬರುವಾಗ ಮರದ ಡಬ್ಬಿಯನ್ನು ಅಪ್ಪ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ತಂದ ಹಾಗೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಗೂಟ ಅಳೆದರು. ಚಕ್ರ ಬಿಚ್ಚಿ, ಗೂಟ ಒರೆಸಿ, ಮೂರು ಕಡೆ, ಎರಡು ದಿಕ್ಕಿನಲ್ಲಿ. ನಾನು ಅಲ್ಲೇ ನಿಂತಿದ್ದೆ. "ಮೂಲ ಅರ್ಧ ಇಂಚಿಂದು. ಅಂದ್ರ 12.70. ಸವದೈತಿ," ಅಂದರು. ಆಮೇಲೆ ಚೀಟಿಯ ಮೇಲೆ ಬರೆದರು: 12.82.

ಸವೆದ ಗೂಟ ಮೂಲಕ್ಕಿಂತ ದಪ್ಪವಾಗುವುದು ಹೇಗೆ? ಈಗ ಬರೆಯುತ್ತ ನನಗೇ ನಗು ಬರುತ್ತದೆ. ಆದರೆ ಅವತ್ತು ಆ ಅಂಕಿಯನ್ನು ನಾನು ನೋಡಿ, ಒಂದು ಕ್ಷಣ ಏನೋ ಕುಟುಕಿ, ಸುಮ್ಮನಾದೆ. ಹಳೆಯ ಮಷಿನ್, ಯಾರೋ ಗೂಟ ಬದಲಿಸಿರಬಹುದು ಎಂದುಕೊಂಡೆ. ನನ್ನ ಆಫೀಸಿನಲ್ಲಿ ಮೂರು ಸಾಲಿನ ಕೋಡಿಗೂ ಇನ್ನೊಬ್ಬರ ರಿವ್ಯೂ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಆ ನಿಯಮ ತಂದವನು ನಾನೇ. ಇಲ್ಲಿ ವರ್ನಿಯರ್ ಕೈಗೆತ್ತಿಕೊಂಡು ನಾನೂ ಒಮ್ಮೆ ಅಳೆಯಬಹುದಿತ್ತು. ಟರ್ನರ್ ಆಗಿದ್ದ ಅಪ್ಪ, ಅವರ ಮೊದಲ ಸ್ವಂತ ವರ್ನಿಯರ್, ಅದರ ಮೊದಲ ಅಳತೆ. ಅವರ ಹಿಂದೆ ನಾನು ಮತ್ತೆ ಅಳೆಯುವುದೇ?

ಚೀಟಿ, ಚಕ್ರ ಎರಡನ್ನೂ ತೆಗೆದುಕೊಂಡು ಬಾಲಾನಗರಕ್ಕೆ ಹೋದೆ. ಅಲ್ಲಿ ಕೇಂದ್ರ ಸರ್ಕಾರದ ಟೂಲ್ ಡಿಸೈನ್ ಸಂಸ್ಥೆ 1968ರಿಂದ ಇದೆ. ಸುತ್ತಲಿನ ಬೀದಿಗಳಲ್ಲಿ ಒಂದೊಂದು ಶಟರಿನ ಹಿಂದೆ ಒಂದೊಂದು ಲೇತು. ಒಬ್ಬ ಹುಡುಗ, ಇಪ್ಪತ್ತೈದು ಇರಬಹುದು, ಹಳೆಯ ಬುಷ್ ಒತ್ತಿ ತೆಗೆದು ಹೊಸದು ಮಾಡಿ ಕೂರಿಸಿದ. ಎಣ್ಣೆಗೆ ಜಾಗ ಬಿಟ್ಟು 12.85 ಬೋರು ಮಾಡಿದ್ದೇನೆ ಎಂದ. 600 ರೂಪಾಯಿ.

ಮನೆಗೆ ತಂದು ಚಕ್ರ ಹಾಕಿ ತುಳಿದರೆ ಮೊದಲಿನಷ್ಟೇ ಓಲಾಟ. ಅಮ್ಮ ಏನೂ ಅನ್ನದೆ ಅಡುಗೆಮನೆಗೆ ಹೋದಳು. ಅಪ್ಪ ಮುಖ ಕೆಂಪು ಮಾಡಿಕೊಂಡು, "ಈ ಪೋರಗೋಳಿಗೆ ಬೋರ್ ಮಾಡಾಕ ಬರೂದಿಲ್ಲ. ನಡಿ, ನಾ ಬರ್ತೇನಿ," ಅಂದರು.

ಅಂಗಡಿಯಲ್ಲಿ ಅಪ್ಪ ಬೆಳಗಾವಿಯ ಹಿಂದಿಯಲ್ಲಿ ಜೋರು ಮಾಡಿದರು. ಹುಡುಗ ಮಾತಾಡಲಿಲ್ಲ. ಒಳಗಿಂದ ಬೋರ್ ಗೇಜ್ ತಂದು ಬುಷ್ಷಿನೊಳಗೆ ಇಳಿಸಿ ತೋರಿಸಿದ. 12.85. ಆಮೇಲೆ ಮೇಜಿನ ಮೊಳೆಗೆ ಚುಚ್ಚಿದ್ದ ಚೀಟಿ ತೆಗೆದು ಮುಂದಿಟ್ಟ. "ಮೀರು ಇಚ್ಚಿನ ಸೈಜೇ ಸಾರ್," ಎಂದ. ಅಪ್ಪನದೇ ಅಕ್ಷರ. ಅಪ್ಪ ಚೀಟಿಯನ್ನು ಹಿಡಿದು, ದೂರ ಮಾಡಿ, ಹತ್ತಿರ ಮಾಡಿ, ನೋಡುತ್ತ ನಿಂತರು. ಲೇತಿನ ಸದ್ದು ನಿಂತಿತ್ತು.

ಆಗ ನಾನು ಸುಳ್ಳು ಹೇಳಿದೆ. "ವರ್ನಿಯರೇ ಸರಿ ಇಲ್ಲಪ್ಪ. ಕಡಿಮೆ ರೇಟಿಂದು ತಗೊಂಡ್ವಿ, ನನ್ನದೇ ತಪ್ಪು. ಬೇರೆ ತರೋಣ." ತೆಲುಗಿನಲ್ಲಿ ಹುಡುಗನಿಗೂ ಅದನ್ನೇ ಹೇಳಿದೆ. ಹುಡುಗ ತಲೆಯಾಡಿಸಿದ. ಒಂದು ಅಳತೆಯ ಸಾಧನದ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ! ಅದಕ್ಕೆ ಬಾಯಿಲ್ಲ.

ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮೂಸಾಪೇಟೆಯ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಬೇಸಿಗೆಯಲ್ಲಿ ಸ್ಟೀಲು ಹಿಗ್ಗುವ ಲೆಕ್ಕ ಹೇಳಲು ಹೊರಟೆ. ಜಗತ್ತಿನ ಅಳತೆಗಳೆಲ್ಲ 20 ಡಿಗ್ರಿಗೆ ನಿಗದಿಯಾದದ್ದು, ಇಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ, ಹೀಗೆ. 100 ಮಿ.ಮೀ. ಸ್ಟೀಲು ಅಷ್ಟು ಬಿಸಿಗೆ ಹಿಗ್ಗುವುದು 0.023 ಮಿ.ಮೀ. ಮಾತ್ರ, ಅದೂ ಗೂಟ, ವರ್ನಿಯರ್ ಎರಡೂ ಕಬ್ಬಿಣದ ಜಾತಿಯವೇ ಆದ್ದರಿಂದ ಒಟ್ಟಿಗೇ ಹಿಗ್ಗುತ್ತವೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮಧ್ಯದಲ್ಲೇ ನಿಲ್ಲಿಸಿದೆ.

ರಾತ್ರಿ ಊಟವಾದ ಮೇಲೆ ಅಪ್ಪ ಬಾಲ್ಕನಿಗೆ ಕರೆದರು. ಮೇಜಿನ ಮೇಲೆ ವರ್ನಿಯರ್, 608 ಬೇರಿಂಗ್.

"ಅಳಿ."

ಅಳೆದೆ. 22.00. ಒಳರಂಧ್ರ 7.98, ಚಿಕ್ಕ ರಂಧ್ರದಲ್ಲಿ ಒಳದವಡೆಗಳು ಒಂದು ಕೂದಲು ಕಡಿಮೆಯೇ ತೋರಿಸುತ್ತವೆ. ದಪ್ಪ 7.00.

"ವರ್ನಿಯರ್ ಸರಿ ಐತಿ," ಅಂದರು ಅಪ್ಪ. "ಅದರ ಮ್ಯಾಲ ಹಾಕಬ್ಯಾಡ. ಈಗ ಗೂಟ ಅಳಿ."

ಮಷಿನ್ ಹತ್ತಿರ ಕೂತು, ಕನ್ನಡಕ ಹಣೆಗೆ ಏರಿಸಿ, ಮೊಬೈಲಿನ ಟಾರ್ಚ್ ಹಿಡಿದು ಅಳೆದೆ. ಪಿಯುಸಿಯಲ್ಲಿ ಎಲ್ಲರೂ ಮಾಡಿರುತ್ತೀರಿ. ಪಿಯರ್ ವರ್ನಿಯೆ ಎಂಬ ಫ್ರೆಂಚ್ ಮನುಷ್ಯ 1631ರಲ್ಲಿ ಬ್ರಸೆಲ್ಸಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಉಪಾಯ. ನಮ್ಮ ವರ್ನಿಯರಿನಲ್ಲಿ 49 ಮಿ.ಮೀ. ಉದ್ದವನ್ನು 50 ಭಾಗ ಮಾಡಿದೆ. ಒಂದೊಂದು ಗೆರೆ 0.02. ಐದೈದು ಗೆರೆಗೆ ಒಂದು ಅಂಕಿ, 0ಯಿಂದ 10ರವರೆಗೆ. ಮೇಲಿನ ಗೆರೆ ಕೆಳಗಿನ ಗೆರೆಗೆ ಕೂಡಿದ್ದು ಒಂದು ಅಂಕಿಯ ಮುಂದಿನ ಮೊದಲ ಗೆರೆಯಲ್ಲಿ. ಆ ಅಂಕಿ 6. ಅಂದರೆ 12.62.

ಅಪ್ಪ ಗೆರೆಯನ್ನು ಸರಿಯಾಗಿಯೇ ಹಿಡಿದಿದ್ದರು. ಐವತ್ತು ಗೆರೆಗಳಲ್ಲಿ ಕೂಡುವ ಆ ಒಂದನ್ನು, ಅಂಕಿಯ ಮುಂದಿನ ಮೊದಲನೆಯದನ್ನು, ಕೂದಲು ಸೀಳಿದ ಹಾಗೆ ಗುರುತಿಸಿದ್ದರು. ಸಾಸಿವೆಯಷ್ಟು ದಪ್ಪದ 6 ಅವರಿಗೆ 8 ಆಗಿ ಕಂಡಿತ್ತು. ಅಷ್ಟೇ.

"ಬಲಗಣ್ಣಾಗ ಎಲ್ಲಾ ಎರಡೆರಡು ಕಾಣ್ತಾವ," ಅಂದರು. "ಎಷ್ಟು ದಿನದಿಂದ?" ಅಂದೆ. ಉತ್ತರ ಕೊಟ್ಟದ್ದು ಒಳಗಿಂದ ಅಮ್ಮ. "ದೀಪಾವಳಿಯಿಂದ. ಸೂಜಿಗೆ ದಾರಾ ಅವರೇ ಪೋಣಿಸಿ ಕೊಡ್ತಿದ್ರು, ಮದ್ವಿ ಆದಾಗಿಂದ. ದೀಪಾವಳಿಯಿಂದ ಕೂಸಿನ ಕಡೆ ಪೋಣಿಸ್ಕೊಳ್ಳಾಕ ಹತ್ತೇನಿ. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ." ಅಂದರೆ ಮನೆಯಲ್ಲಿ ಏಳನೆಯ ತರಗತಿಯ ಹುಡುಗಿಗೆ ಗೊತ್ತಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಪೊರೆ ಚೆನ್ನಾಗಿ ಬಲಿತಿದೆ ಎಂದರು, ಎಡಗಣ್ಣಿಗೆ ಶುರುವಾಗಿದೆ. ಶಸ್ತ್ರಕ್ರಿಯೆಗೆ ಮೂರು ವಾರ ಬಿಟ್ಟು ದಿನ ಸಿಕ್ಕಿತು. ನಾನು ಮರುದಿನವೇ ರಾಣಿಗಂಜಿಗೆ ಒಬ್ಬನೇ ಹೋಗಿ ಆ 2,700 ರೂಪಾಯಿಯ ಡಿಜಿಟಲನ್ನು 2,500ಕ್ಕೆ ತಂದೆ, ದೊಡ್ಡ ಅಂಕಿಯದು. ಅಂಗಡಿಯಲ್ಲಿ ಅಪ್ಪ ಕಲಿಸಿದಂತೆ ದವಡೆ ಮುಚ್ಚಿ ಬೆಳಕಿಗೆ ಹಿಡಿದೆ, ತುದಿಯಲ್ಲಿ ಅಲುಗಿಸಿದೆ, ಹತ್ತು ಸಲ ತೆರೆದು ಮುಚ್ಚಿ ಪ್ರತಿ ಸಲ ಸೊನ್ನೆಗೇ ಬರುತ್ತದೆಯೇ ನೋಡಿದೆ, ಜೇಬಿನಲ್ಲಿದ್ದ 608 ತೆಗೆದು ಅಳೆದೆ. ಅಂಗಡಿಯವನು ಈ ಸಲ ಡುಪ್ಲಿಕೇಟ್ ತೋರಿಸಲಿಲ್ಲ. ಯಾರಾದರೂ ಕೇಳಿದರೆ ನಾನು ಈಗ ಹೇಳುವುದಿಷ್ಟು: ಕಣ್ಣು ಗಟ್ಟಿಯಿದ್ದರೆ ಒಂದೂವರೆ ಸಾವಿರದ ಗೆರೆಯ ವರ್ನಿಯರ್ ಮನೆಯ ಕೆಲಸಕ್ಕೆ ಧಾರಾಳ ಸಾಕು, ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತದೆ. ನಲವತ್ತು ದಾಟಿ ಕನ್ನಡಕ ಹಣೆಗೇರಿಸುವವರು ಎರಡೂವರೆ ಸಾವಿರದ ಡಿಜಿಟಲ್ ನೋಡಿ. ಏಳುನೂರು ಎಂಟುನೂರರ ಡಿಜಿಟಲ್ ಪ್ರಿಂಟರಿನ ಪ್ಲಾಸ್ಟಿಕ್ ಅಳೆಯಲು ಸರಿ, ಬುಷ್ ಮಾಡಿಸಲು ಅಲ್ಲ. ಏಳೂವರೆ ಸಾವಿರದ್ದು ಬೇಕೇ ಎಂಬುದನ್ನು ನಿಮ್ಮ ಹೆಂಡತಿಯನ್ನು ಕೇಳಿ.

ಆದರೆ ಅಪ್ಪ ಡಿಜಿಟಲ್ ಹಿಡಿಯಲಿಲ್ಲ. ಕಣ್ಣಿನ ಆಪರೇಷನ್ ಆಗುವವರೆಗೆ ಬುಷ್ ಕಾಯಲಿ ಎಂದರೂ ಕೇಳಲಿಲ್ಲ. ಟ್ರಂಕಿನಿಂದ ಹಳೆಯ ಸ್ಪ್ರಿಂಗ್ ಕ್ಯಾಲಿಪರ್ ತೆಗೆದು, ಕಾಲುಗಳನ್ನು ಗೂಟದ ಮೇಲೆ ಇಳಿಸಿ, ಸ್ಕ್ರೂವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತ ಕೂತರು. ಕಣ್ಣು ಕಿಟಕಿಯ ಆಚೆ ಎಲ್ಲೋ ಇತ್ತು. ಕಾಲುಗಳು ತಮ್ಮ ಭಾರಕ್ಕೇ ಗೂಟವನ್ನು ಸವರಿಕೊಂಡು ಇಳಿಯಬೇಕು, ದೂಡಬಾರದು, ಸಡಿಲ ಬೀಳಬಾರದು. "ಕೈಗೆ ಹತ್ತಬೇಕು," ಅಂದರು. ನನಗೂ ಹಿಡಿಯಲು ಕೊಟ್ಟರು. ನನ್ನ ಕೈಗೆ ಏನೂ ಹತ್ತಲಿಲ್ಲ. ಬಿಗಿ, ಸಡಿಲ ಎರಡೇ ಗೊತ್ತಾದವು, ನಡುವಿನದು ಗೊತ್ತಾಗಲಿಲ್ಲ.

ಆ ಕ್ಯಾಲಿಪರನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿ ಅಮ್ಮನ ಹಳೆಯ ಸೀರೆಯ ತುಂಡು ಹಾಸಿ ಮಲಗಿಸಿದರು. ಬಾಲಾನಗರದವರೆಗೂ ಡಬ್ಬಿ ಅವರ ತೊಡೆಯ ಮೇಲೆ. ಪ್ರತಿ ಸ್ಪೀಡ್ ಬ್ರೇಕರಿಗೂ ಎರಡು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು.

ಟರ್ನರ್ ಹುಡುಗ ಡಬ್ಬಿ ತೆರೆದಾಗ ಮೊದಲು ನಕ್ಕ. ಅಪ್ಪ ಅವನ ಮೈಕ್ರೋಮೀಟರ್ ಕೇಳಿದರು. ಅದರ ಎರಡು ಮುಖಗಳನ್ನು ಅವನು ಕೂಡಿಸುತ್ತ ಬರಬೇಕು, ಆ ಮುಖಗಳ ಮೇಲೆ ಅಪ್ಪ ಕ್ಯಾಲಿಪರಿನ ಕಾಲುಗಳನ್ನು ಇಳಿಸುತ್ತ ಹೋಗಬೇಕು, ಗೂಟದ ಮೇಲೆ ಹತ್ತಿದಂತೆಯೇ ಕೈಗೆ ಹತ್ತಿದಾಗ ನಿಲ್ಲಿಸಬೇಕು. ಎರಡು ಸಲ "ಔರ್ ಥೋಡಾ" ಅಂದರು. ಮೂರನೆಯ ಸಲ "ಬಸ್." ಹುಡುಗ ಮೈಕ್ರೋಮೀಟರ್ ಲಾಕ್ ಮಾಡಿ, ತಿರುಗಿಸಿ, ಬೆಳಕಿಗೆ ಹಿಡಿದು ಓದಿದ. 12.63. ನನ್ನ ವರ್ನಿಯರಿನ ಓದು 12.62. ಜೇಬಿನಲ್ಲಿದ್ದ ಆ ಚೀಟಿಯನ್ನು ನಾನು ತೆಗೆಯಲಿಲ್ಲ.

ಹುಡುಗ ಈಗ ನಗುತ್ತಿರಲಿಲ್ಲ. "ಒಕಸಾರಿ ನೇನು ಚೂಡಾಲಾ ಸಾರ್?" ಎಂದು ಕೇಳಿ, ಕ್ಯಾಲಿಪರ್ ಹಿಡಿದು ಮೈಕ್ರೋಮೀಟರಿನ ಮೇಲೆ ಇಳಿಸಿ ನೋಡಿದ. ಮತ್ತೆ ನೋಡಿದ. ಅಪ್ಪ ಅವನ ಮಣಿಕಟ್ಟು ಹಿಡಿದು ಸ್ವಲ್ಪ ಸಡಿಲ ಮಾಡಿಸಿದರು. ಅವನ ಮುಖ ನೋಡಿದರೆ ಅವನಿಗೆ ಹತ್ತಿತು ಎಂದು ಗೊತ್ತಾಗುತ್ತಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. 12.66ಕ್ಕೆ ಬೋರು ಮಾಡಿದ, ಮತ್ತೆ 600 ಕೇಳಲಿಲ್ಲ, ಗನ್‌ಮೆಟಲಿನ 250 ಮಾತ್ರ ತೆಗೆದುಕೊಂಡ.

ಸಂಜೆ ಚಕ್ರ ಹಾಕಿ, ಎರಡು ಹನಿ ಎಣ್ಣೆ ಬಿಟ್ಟು, ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ತಿರುಗಿ ತಿರುಗಿ ನಿಂತಿತು. ಅಮ್ಮ ಕೂತು, ಮಗಳ ಕೈಯಿಂದ ಸೂಜಿಗೆ ದಾರ ಹಾಕಿಸಿಕೊಂಡು, ಹಳೆಯ ದಿಂಬಿನ ಕವರಿನ ಮೇಲೆ ಒಂದು ಗೆರೆ ಹೊಲಿದಳು. ಎತ್ತಿ ನೋಡಿ, "ಚಕ್ರ ಚಲೋ ಆತು. ಬೆಲ್ಟ್ ಸಡಲ ಐತಿ," ಅಂದಳು.

ನಾನು ಹೊಸ ಡಿಜಿಟಲ್ ತರಲು ಎದ್ದೆ.

"ಬೆಲ್ಟಿಗೆ ಅದೆಲ್ಲಾ ಬ್ಯಾಡೋ," ಅಂದರು ಅಪ್ಪ. "ಅಕಿಗೆ ಒಂದು ದಾರಾ ಕೊಡು. ಅಕಿನ ಅಳೀತಾಳ."